ಆಟದಲ್ಲಿ ಬರುವ ಲೆಕ್ಕ ನೋಟ್‌ಬುಕ್ಕಿನಲ್ಲಿ ಏಕೆ ಬರುವುದಿಲ್ಲ? ನಾಲ್ಕು ಮತ್ತು ಐದನೇ ತರಗತಿಯ ಗಣಿತ ಚಟುವಟಿಕೆಗಳ ಬಗ್ಗೆ

ಪ್ರಶ್ನೆ
ಸಹಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾಲ್ಕು ಮತ್ತು ಐದನೇ ತರಗತಿಗಳಿಗೆ ಗಣಿತ ಬೋಧಿಸುತ್ತಿದ್ದೇನೆ. ಶಿಕ್ಷಕರ ಕೊರತೆಯಿಂದಾಗಿ ಈ ಎರಡೂ ತರಗತಿಗಳು ವಾರದ ಬಹುತೇಕ ದಿನ ಒಂದೇ ಕೊಠಡಿಯಲ್ಲಿ ಕುಳಿತುಕೊಳ್ಳುತ್ತವೆ. ನಮ್ಮ ಮಕ್ಕಳು ಮೂರನೇ ತರಗತಿಯವರೆಗೆ ಚಟುವಟಿಕೆ ಆಧಾರಿತ ನಲಿ-ಕಲಿ ಪದ್ಧತಿಯಲ್ಲಿ ಬೆಳೆದವರು. ಕಾರ್ಡು, ಕಲಿಕಾ ಏಣಿ, ಮೈಲಿಗಲ್ಲು, ಗುಂಪಿನಲ್ಲಿ ನೆಲದ ಮೇಲೆ ಕುಳಿತು ಮಾಡುವ ಕೆಲಸ ಇವೆಲ್ಲ ಅವರಿಗೆ ರೂಢಿಯಾಗಿರುತ್ತವೆ. ನಾಲ್ಕನೇ ತರಗತಿಗೆ ಕಾಲಿಟ್ಟ ಕೂಡಲೇ ಪಠ್ಯಪುಸ್ತಕ, ಕಪ್ಪುಹಲಗೆ ಮತ್ತು ನೋಟ್‌ಬುಕ್ಕು ಎದುರಾಗುತ್ತವೆ. ಗಣಿತದ ಅವಧಿ ಬಂತೆಂದರೆ ಮುಖ ಸಪ್ಪೆಯಾಗುವುದು ಆಗಲೇ. ಈ ಕಾರಣದಿಂದ ಹಾವು-ಏಣಿ, ಸಂಖ್ಯಾ ಕಾರ್ಡು, ಬೀಜ ಎಣಿಸುವ ಆಟ, ಅಂಗಳದಲ್ಲಿ ಮಕ್ಕಳ ಸಂತೆ ಮುಂತಾದವುಗಳನ್ನು ನಾನು ನಿಯಮಿತವಾಗಿ ಮಾಡಿಸುತ್ತಿದ್ದೇನೆ. ಹಾಜರಾತಿ ಹೆಚ್ಚಿದೆ, ಮಕ್ಕಳು ಸಂತೋಷವಾಗಿದ್ದಾರೆ. ಆದರೆ ಸಂತೋಷದ ಜೊತೆಗೆ ಲೆಕ್ಕವೂ ಬರುತ್ತಿದೆಯೇ ಎಂಬ ಪ್ರಶ್ನೆಗೆ ನನ್ನಲ್ಲಿ ಖಚಿತವಾದ ಉತ್ತರವಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಮಕ್ಕಳ ಸಂತೆಯಲ್ಲಿ ಐದನೇ ತರಗತಿಯ ಒಬ್ಬ ಹುಡುಗಿ ಮೆಂತ್ಯ ಸೊಪ್ಪು, ನಿಂಬೆಹಣ್ಣು ಮಾರಲು ಕುಳಿತಿದ್ದಳು. 32 ರೂಪಾಯಿಯ ವ್ಯಾಪಾರಕ್ಕೆ 50 ರೂಪಾಯಿಯ ನೋಟು ಕೊಟ್ಟವರಿಗೆ ಅವಳು ತಡವರಿಸದೆ 18 ರೂಪಾಯಿ ಚಿಲ್ಲರೆ ಎಣಿಸಿ ಕೊಟ್ಟಳು. ಅದೇ ವಾರ ನೋಟ್‌ಬುಕ್ಕಿನಲ್ಲಿ 50ರಿಂದ 32ನ್ನು ಕಳೆಯಲು ಹೇಳಿದಾಗ 22 ಎಂದು ಬರೆದಳು. ಸೊನ್ನೆಯಿಂದ ಎರಡು ಹೋಗುವುದಿಲ್ಲವಾದ್ದರಿಂದ ಎರಡರಿಂದಲೇ ಸೊನ್ನೆಯನ್ನು ಕಳೆದಿದ್ದಾಳೆ ಎಂಬುದೇನೋ ತಿಳಿಯುತ್ತದೆ. ಆದರೆ ಸಂತೆಯಲ್ಲಿದ್ದ ಆ ಜಾಣತನ ನಾಲ್ಕು ಗೋಡೆಗಳೊಳಗೆ ಬಂದೊಡನೆ ಎಲ್ಲಿ ಹೋಗುತ್ತದೆ?

ಅನುಭವಿಗಳಲ್ಲಿ ನನ್ನ ಕೋರಿಕೆ ಇಷ್ಟು: ಯಾವ ಆಟದಿಂದ ನಿಜವಾಗಿ ಗಣಿತ ಕಲಿಯಲಾಗುತ್ತದೆ, ಯಾವುದು ಬರಿಯ ಮನರಂಜನೆ ಎಂದು ಮೊದಲೇ ಗುರುತಿಸುವುದು ಹೇಗೆ? ಆಟದಲ್ಲಿ ಕಲಿತದ್ದನ್ನು ಬರವಣಿಗೆಗೆ ತರುವ ದಾರಿ ಯಾವುದು? ನಲವತ್ತು ನಿಮಿಷದ ಅವಧಿಯಲ್ಲಿ, ಎರಡು ತರಗತಿಗಳನ್ನು ಒಟ್ಟಿಗೆ ಇಟ್ಟುಕೊಂಡು ಇದನ್ನು ನಿಭಾಯಿಸುವ ಬಗೆಯನ್ನೂ ತಿಳಿಸಿದರೆ ಉಪಕಾರವಾಗುತ್ತದೆ. "ಶಾಲೆಯಲ್ಲಿ ಬರೀ ಆಟ ಆಡಿಸುತ್ತಾರೆ" ಎಂದು ದೂರುವ ಪೋಷಕರೂ ಇದ್ದಾರೆ ಎಂಬುದನ್ನು ಗಮನಕ್ಕೆ ತರುತ್ತೇನೆ.

ಉತ್ತರ 1
ನಿವೃತ್ತ ಮುಖ್ಯ ಶಿಕ್ಷಕ, ಮೈಸೂರು

ಮೇಡಂ ಅವರಿಗೆ ನಮಸ್ಕಾರ. ತಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಉಳಿದವುಗಳಿಗೆ ನನಗಿಂತ ಬಲ್ಲವರು ಇಲ್ಲಿದ್ದಾರೆ.

ಆಟವೊಂದನ್ನು ತರಗತಿಗೆ ತರುವ ಮುನ್ನ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಲೆಕ್ಕ ಮಾಡದೆಯೇ ಈ ಆಟವನ್ನು ಆಡಿ ಗೆಲ್ಲಲು ಸಾಧ್ಯವೇ? ಸಾಧ್ಯವಾದರೆ ಮಗು ಖಂಡಿತವಾಗಿಯೂ ಲೆಕ್ಕವನ್ನು ಬಿಟ್ಟು ಆಟವನ್ನಷ್ಟೇ ಆಡುತ್ತದೆ, ಮತ್ತು ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಸರಿಯುತ್ತರ ಹೇಳಿದರೆ ಒಂದು ಚೆಂಡು ಎಸೆಯಲು ಅವಕಾಶ, ಮಗ್ಗಿ ಒಪ್ಪಿಸಿದರೆ ಒಂದು ಹೆಜ್ಜೆ ಮುಂದೆ ಎಂಬಂಥ ಆಟಗಳಲ್ಲಿ ಗಣಿತವು ಆಟದ ಬಾಗಿಲಲ್ಲಿ ಕಟ್ಟಬೇಕಾದ ಸುಂಕದಂತೆ ನಿಂತಿರುತ್ತದೆ. ಒಳಗೆ ನಡೆಯುವ ಆಟಕ್ಕೂ ಅದಕ್ಕೂ ಸಂಬಂಧವಿಲ್ಲ. ನಡೆ ನಡೆಸಬೇಕಾದರೇ ಲೆಕ್ಕ ಬೇಕು ಎನ್ನುವ ಆಟ ಬೇರೆ ಜಾತಿಯದು.

ನಮ್ಮ ಚೌಕಾಬಾರವನ್ನೇ ನೋಡಿ. 25 ಮನೆಗಳ ಚೌಕ, ನಾಲ್ಕು ಕವಡೆ. ಕವಡೆ ಸಿಗದಿದ್ದರೆ ಹುಣಸೆ ಬೀಜವನ್ನು ಕಲ್ಲಿನ ಮೇಲೆ ಒಂದು ಬದಿ ತೇಯ್ದು ಬಿಳಿ ಮಾಡಿಕೊಂಡರೆ ಸಾಕು. ಬಾಯಿ ಮೇಲಾಗಿ ಬಿದ್ದ ಕವಡೆಗಳ ಲೆಕ್ಕದಲ್ಲಿ ಒಂದು, ಎರಡು, ಮೂರು. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಮಗುಚಿದರೆ ಬಾರ, ಅಂದರೆ ಎಂಟು. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ ಒಂದು. ಹಾಗಾಗಿ ತನ್ನ ಕಟ್ಟೆಯಿಂದ ಹೊರಟ ಕಾಯಿ ಹಣ್ಣಾಗಲು, ಅಂದರೆ ನಡುವಿನ ಮನೆ ಸೇರಲು, 24 ಹೆಜ್ಜೆ ನಡೆಯಬೇಕು. ಕಾಯಿ 19ನೇ ಹೆಜ್ಜೆಯಲ್ಲಿದ್ದರೆ ಇನ್ನೈದು ಬೇಕು, ಆದರೆ ಈ ಕವಡೆಗಳಲ್ಲಿ ಐದು ಬೀಳುವುದೇ ಇಲ್ಲ! ನಾಲ್ಕು ಮತ್ತು ಒಂದು, ಮೂರು ಮತ್ತು ಎರಡು, ಎರಡು-ಎರಡು-ಒಂದು ಎಂದು ಮಗು ತನ್ನಷ್ಟಕ್ಕೆ ಸಂಖ್ಯೆಯನ್ನು ಒಡೆಯಲು ತೊಡಗುತ್ತದೆ. ನಾಲ್ಕು ಕಾಯಿಗಳಲ್ಲಿ ಯಾವುದನ್ನು ನಡೆಸಿದರೆ ಎದುರಾಳಿಯ ಕಾಯಿಗೆ ಸಿಗುವುದಿಲ್ಲ ಎಂದು ನೋಡಬೇಕಾದರೆ ಎರಡು ಕಾಯಿಗಳ ನಡುವಿನ ಅಂತರವನ್ನು ಕಳೆಯಲೇಬೇಕು. ಹಳ್ಳಿಯ ಜಗಲಿಗಳಲ್ಲಿ ಅಜ್ಜಿಯರು ಬೆರಳು ಮಡಚದೆ ಈ ಲೆಕ್ಕ ಮಾಡುವುದನ್ನು ನಾವೆಲ್ಲ ನೋಡಿದ್ದೇವೆ.

ಅಳಿಗುಳಿ ಮಣೆಯದ್ದು ಇನ್ನೂ ಸೊಗಸು. ದಕ್ಷಿಣ ಕನ್ನಡದವರು ಚೆನ್ನೆಮಣೆ ಎನ್ನುತ್ತಾರೆ. ಸಾಲಿಗೆ ಏಳರಂತೆ 14 ಗುಳಿ. ಗುಳಿಗೆ ನಾಲ್ಕು ಬೀಜ ಹಾಕಿದರೆ 56, ಐದು ಹಾಕಿದರೆ 70. ಮರದ ಮಣೆಯೇ ಬೇಕಿಲ್ಲ, ನೆಲದಲ್ಲಿ ಗುಳಿ ತೋಡಿದರೂ ಆದೀತು. ಬೀಜಗಳನ್ನು ಎತ್ತುವ ಮೊದಲು "ಕೊನೆಯ ಬೀಜ ಯಾವ ಗುಳಿಗೆ ಬೀಳುತ್ತದೆ?" ಎಂದು ಹೇಳಬೇಕೆಂಬ ಒಂದು ನಿಯಮವನ್ನು ನೀವು ಸೇರಿಸಿ. ಒಂದೊಂದು ಗುಳಿಗೂ ಒಂದೊಂದು ಬೀಜ ಹಾಕುತ್ತಾ ಹೋದರೆ 14 ಬೀಜ ಹೊರಟಲ್ಲಿಗೇ ಬಂದು ನಿಲ್ಲುತ್ತವೆ, 16 ಬೀಜ ಎರಡು ಗುಳಿ ಮುಂದೆ ನಿಲ್ಲುತ್ತವೆ. ಭಾಗಾಕಾರದಲ್ಲಿ ಶೇಷಕ್ಕೆ ಏನು ಕೆಲಸ ಎಂಬುದು ಮಕ್ಕಳಿಗೆ ಅಲ್ಲಿ ಕಣ್ಣಿಗೆ ಕಾಣುತ್ತದೆ. ಶೇಷವನ್ನು ಉತ್ತರದ ಮೂಲೆಯಲ್ಲಿ ಬರೆದು ಮರೆತುಬಿಡುವ ಮಕ್ಕಳೇ ಹೆಚ್ಚು, ಅಲ್ಲವೇ?

ಹಾವು-ಏಣಿಯನ್ನು ತಾವು ಆಡಿಸುತ್ತಿದ್ದೀರಿ. ಅದರಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಿದರೆ ಪರಿಣಾಮ ಬಹಳ ಬದಲಾಗುತ್ತದೆ. 47ರಲ್ಲಿರುವ ಮಗುವಿಗೆ ನಾಲ್ಕು ಬಿದ್ದಾಗ ಅದು ಸಾಮಾನ್ಯವಾಗಿ "ಒಂದು, ಎರಡು, ಮೂರು, ನಾಲ್ಕು" ಎನ್ನುತ್ತಾ ಕಾಯಿ ನಡೆಸುತ್ತದೆ. ಹಾಗೆ ಆಡಿದರೆ ನೂರು ಮನೆ ದಾಟಿದರೂ ಅದು ಬಳಸುವುದು ಆರರವರೆಗಿನ ಸಂಖ್ಯೆಗಳನ್ನು ಮಾತ್ರ. "48, 49, 50, 51" ಎಂದೇ ಹೇಳಬೇಕೆಂದು ನಿಯಮ ಮಾಡಿ. ಅಮೆರಿಕದಲ್ಲಿ ಲಾಸ್ಕಿ ಮತ್ತು ಸೀಗ್ಲರ್ ಎಂಬ ಸಂಶೋಧಕರು ನೂರು ಮನೆಗಳ ಆಟದಲ್ಲಿ ಇದನ್ನೇ ಪರೀಕ್ಷಿಸಿ, ನಿಂತ ಮನೆಯಿಂದ ಮುಂದಕ್ಕೆ ಎಣಿಸಿದ ಮಕ್ಕಳು ಹೆಚ್ಚು ಕಲಿತರೆಂದು 2014ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 2008ರಲ್ಲಿ, ರಮಣಿ ಮತ್ತು ಸೀಗ್ಲರ್ ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳಿಗೆ ಒಂದರಿಂದ ಹತ್ತರವರೆಗೆ ಮನೆಗಳಿರುವ ನೇರ ಸಾಲಿನ ಆಟವನ್ನು ಎರಡು ವಾರಗಳಲ್ಲಿ ನಾಲ್ಕು ಬಾರಿ, ಪ್ರತಿ ಬಾರಿ ಇಪ್ಪತ್ತು ನಿಮಿಷ ಮೀರದಂತೆ ಆಡಿಸಿದ್ದರು. ಅವರ ಸಂಖ್ಯಾಜ್ಞಾನ ಸ್ಪಷ್ಟವಾಗಿ ಹೆಚ್ಚಿತು ಮತ್ತು ಒಂಬತ್ತು ವಾರಗಳ ಬಳಿಕವೂ ಉಳಿದಿತ್ತು. ಅದೇ ಹಲಗೆಯ ಮೇಲೆ ಸಂಖ್ಯೆಗಳ ಬದಲು ಬಣ್ಣಗಳನ್ನಿಟ್ಟು ಆಡಿದ ಮಕ್ಕಳಲ್ಲಿ ಆ ಪ್ರಗತಿ ಕಾಣಲಿಲ್ಲ. ಆಡಿದ್ದು ಒಂದೇ ಆಟ, ಪಟ್ಟ ಸಂತೋಷವೂ ಒಂದೇ. ವ್ಯತ್ಯಾಸ ಮಾಡಿದ್ದು ಮನೆಯ ಮೇಲಿದ್ದ ಸಂಖ್ಯೆ.

ಆಟ ಮುಗಿದ ಮೇಲೆ ಹಲಗೆಯನ್ನು ಮಡಚಿಡಬೇಡಿ. ಹಾವು-ಏಣಿಯ ಸಾಲುಗಳು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹೋಗುತ್ತವಷ್ಟೆ. 47ರ ನೆತ್ತಿಯ ಮೇಲಿರುವುದು 54. 46ರ ಮೇಲೆ 55. ಎರಡನ್ನೂ ಕೂಡಿಸಲು ಹೇಳಿ: ಎರಡು ಬಾರಿಯೂ 101. ಉಳಿದ ಸಾಲುಗಳಲ್ಲಿಯೂ ಹೀಗೆಯೇ ಏಕೆ ಆಗುತ್ತದೆ, ಸಾಲು ಬದಲಾದರೆ ಮೊತ್ತ ಎಷ್ಟಾಗುತ್ತದೆ ಎಂದು ಐದನೇ ತರಗತಿಯವರನ್ನು ಬಿಟ್ಟು ನೋಡಿ.

ಉತ್ತರ 2
ಸಮೂಹ ಸಂಪನ್ಮೂಲ ವ್ಯಕ್ತಿ, ಕೊಪ್ಪಳ ಜಿಲ್ಲೆ

ಗುರುಗಳು ಆಟದ ಆಯ್ಕೆಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಮೇಡಂ ಅವರು ಹೇಳಿದ ಹುಡುಗಿಯ ಸಮಸ್ಯೆ ಆಟದ ಆಯ್ಕೆಯದಲ್ಲ ಎಂದು ನನಗೆ ತೋರುತ್ತದೆ. ಸಂತೆಯಲ್ಲಿ ಅವಳು ಮಾಡಿದ ಲೆಕ್ಕವೂ ನೋಟ್‌ಬುಕ್ಕಿನಲ್ಲಿ ನಾವು ಅವಳಿಂದ ಬಯಸಿದ ಲೆಕ್ಕವೂ ಒಂದೇ ಅಲ್ಲ.

ಚಿಲ್ಲರೆ ಕೊಡುವಾಗ ಅವಳು ಏನು ಮಾಡಿರುತ್ತಾಳೆ ಎಂದು ಊಹಿಸಿ. 32ರ ಮೇಲೆ ಎಂಟು ಇಟ್ಟರೆ 40, ಇನ್ನೊಂದು ಹತ್ತರ ನೋಟು ಇಟ್ಟರೆ 50. ಅವಳ ಕೈಯಲ್ಲಿ ಎಂಟು ಮತ್ತು ಹತ್ತು, ಒಟ್ಟು 18. ಇಲ್ಲಿ ಕಳೆಯುವ ಕ್ರಿಯೆಯೇ ನಡೆದಿಲ್ಲ. ಅವಳು ಕೂಡುತ್ತಾ ಹೋಗಿ ಮುಟ್ಟಬೇಕಾದ ಸಂಖ್ಯೆಯನ್ನು ಮುಟ್ಟಿದ್ದಾಳೆ. ನೋಟ್‌ಬುಕ್ಕಿನಲ್ಲಿ ನಾವು ಕೇಳುವುದು ದಶಕ ಸಹಿತ ವ್ಯವಕಲನ: ಬಿಡಿಸ್ಥಾನದಿಂದ ಆರಂಭಿಸು, ಹತ್ತರ ಸ್ಥಾನದಿಂದ ಒಂದನ್ನು ಬಿಡಿಸಿಕೊ, ಹತ್ತರಲ್ಲಿ ಎರಡು ಕಳೆ. ಸಂತೆಯಲ್ಲಿ ಈ ಕ್ರಮದ ಯಾವ ಹೆಜ್ಜೆಯೂ ಇರಲಿಲ್ಲ. ಹಾಗಿರುವಾಗ ಸಂತೆಯ ಕಲಿಕೆ ತಾನಾಗಿ ಪುಟಕ್ಕೆ ಇಳಿಯಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಇದು ನಮ್ಮ ಹಳ್ಳಿಗಳ ಕಥೆ ಮಾತ್ರವಲ್ಲ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಐವರು ಮಕ್ಕಳನ್ನು ಅಧ್ಯಯನ ಮಾಡಿ ಕ್ಯಾರಹರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಲೇಖನ ಶಿಕ್ಷಣ ವಲಯದಲ್ಲಿ ಪ್ರಸಿದ್ಧವಾಗಿದೆ. ಎಳನೀರು, ನಿಂಬೆಹಣ್ಣಿನಂಥವುಗಳನ್ನು ಮಾರುವಾಗ ಬಾಯಲ್ಲೇ ಮಾಡಿದ ಲೆಕ್ಕಗಳಲ್ಲಿ ಆ ಮಕ್ಕಳ ಶೇ 98ರಷ್ಟು ಉತ್ತರಗಳು ಸರಿಯಿದ್ದವು. ಅದೇ ಬಗೆಯ ಲೆಕ್ಕಗಳನ್ನು ಸಂಖ್ಯೆ ಮತ್ತು ಚಿಹ್ನೆಗಳಲ್ಲಿ ಕಾಗದದ ಮೇಲೆ ಕೊಟ್ಟಾಗ ಸರಿಯಾದದ್ದು ಶೇ 37ರ ಆಸುಪಾಸು. ಐವರು ಮಕ್ಕಳ ಅಧ್ಯಯನವಾದ್ದರಿಂದ ಅದರ ಮೇಲೆ ಬಹಳ ಭಾರ ಹೊರಿಸಬಾರದು, ಆದರೆ ಮೇಡಂ ಅವರು ಕಂಡದ್ದಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ಅಲ್ಲಗಳೆಯಲಾಗದು.

ಈಗ ಮಾಡಬಹುದಾದದ್ದು ಏನು? ಮೊದಲಿಗೆ ಅವಳ ದಾರಿಗೇ ಬರವಣಿಗೆಯ ರೂಪ ಕೊಡಿ. ನೋಟ್‌ಬುಕ್ಕಿನಲ್ಲಿ ಒಂದು ಖಾಲಿ ಸಂಖ್ಯಾರೇಖೆ ಎಳೆದು, 32ರಿಂದ 40ಕ್ಕೆ ಒಂದು ಜಿಗಿತ, 40ರಿಂದ 50ಕ್ಕೆ ಇನ್ನೊಂದು ಜಿಗಿತ, ಜಿಗಿತಗಳ ಮೇಲೆ 8 ಮತ್ತು 10 ಎಂದು ಬರೆಯಲಿ. ಇದು ಪೂರ್ಣ ಪ್ರಮಾಣದ ಗಣಿತವೇ. ಇದನ್ನು ಅಡ್ಡದಾರಿ ಎಂದು ಕಾಣಬೇಕಾಗಿಲ್ಲ. ಬಳಿಕ ಅದೇ ಲೆಕ್ಕವನ್ನು ಕಡ್ಡಿಗಳಲ್ಲಿ ಮಾಡಿಸಿ. ಪೊರಕೆ ಕಡ್ಡಿಗಳನ್ನು ಹತ್ತು ಹತ್ತರಂತೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದ ಐದು ಕಟ್ಟುಗಳನ್ನು ಮೇಜಿನ ಮೇಲಿಟ್ಟು "32 ಕಡ್ಡಿ ಕೊಡು" ಎನ್ನಿ. ಮೂರು ಕಟ್ಟು ಕೊಟ್ಟಾಯಿತು; ಇನ್ನೆರಡು ಬಿಡಿ ಕಡ್ಡಿ ಕೊಡಬೇಕಾದರೆ ಒಂದು ಕಟ್ಟನ್ನು ಬಿಚ್ಚಲೇಬೇಕು. ರಬ್ಬರ್ ಬ್ಯಾಂಡ್ ತೆಗೆದ ಆ ಕ್ಷಣದಲ್ಲಿಯೇ ಅವಳ ಜೊತೆಗಾರ್ತಿ ನೋಟ್‌ಬುಕ್ಕಿನಲ್ಲಿ 5ನ್ನು ಹೊಡೆದು 4 ಎಂದು, ಬಿಡಿಸ್ಥಾನದಲ್ಲಿ 10 ಎಂದು ಬರೆಯಬೇಕು. ಒಬ್ಬಳು ಕೈಯಲ್ಲಿ ಮಾಡುತ್ತಾಳೆ, ಇನ್ನೊಬ್ಬಳು ಅದನ್ನೇ ಬರೆಯುತ್ತಾಳೆ. ಮುಂದಿನ ಲೆಕ್ಕಕ್ಕೆ ಇಬ್ಬರೂ ಸ್ಥಾನ ಬದಲಿಸುತ್ತಾರೆ.

ನಾನು ಭೇಟಿ ನೀಡುವ ಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ಕೊರತೆ ಇಲ್ಲಿಯೇ ಇದೆ. ಸೋಮವಾರ ಚಟುವಟಿಕೆ, ಬುಧವಾರ ಪುಸ್ತಕದ ಲೆಕ್ಕ ಎಂದು ಎರಡನ್ನೂ ಪ್ರತ್ಯೇಕವಾಗಿ ಇಡುತ್ತಾರೆ. ಎರಡರ ನಡುವೆ ಸಂಬಂಧವಿದೆಯೆಂದು ದೊಡ್ಡವರಿಗೆ ಗೊತ್ತು, ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಬರವಣಿಗೆಯು ಚಟುವಟಿಕೆಯ ನಂತರದ ಕೆಲಸವಾಗದೆ, ಅದರ ಪಕ್ಕದಲ್ಲಿಯೇ, ಅದೇ ನಿಮಿಷದಲ್ಲಿ ನಡೆಯಬೇಕು.

ಗಣಿತ ಕಲಿಕಾ ಆಂದೋಲನದ ಕಿಟ್ ತಮ್ಮ ಶಾಲೆಗೂ ಬಂದಿರಬಹುದು. ನಾಲ್ಕು, ಐದನೇ ತರಗತಿಗಳನ್ನು ಉದ್ದೇಶಿಸಿ ಅಕ್ಷರ ಫೌಂಡೇಶನ್ ಮತ್ತು ಶಿಕ್ಷಣ ಇಲಾಖೆ ಜೊತೆಯಾಗಿ ನಡೆಸಿದ ಕಾರ್ಯಕ್ರಮವದು. ಅದರಲ್ಲಿ ಮಣಿಕಟ್ಟು (ಅಬ್ಯಾಕಸ್), ಭಿನ್ನರಾಶಿ ಪಟ್ಟಿ, ದಾಳ, ಆಟಿಕೆ ನೋಟು-ನಾಣ್ಯಗಳಂಥ ಸಾಮಗ್ರಿಗಳಿರುತ್ತವೆ. ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರೆ ದಯವಿಟ್ಟು ಹೊರಗೆ ತೆಗೆಸಿ. ಸಾಮಗ್ರಿ ಕಳೆದುಹೋದರೆ ಲೆಕ್ಕ ಕೊಡಬೇಕಾಗುತ್ತದೆ ಎಂಬ ಭಯಕ್ಕೆ ಎಷ್ಟೋ ಕಿಟ್‌ಗಳು ಹೊಸದಾಗಿಯೇ ಉಳಿದಿವೆ.

ಆಟಿಕೆ ನೋಟುಗಳ ಬಗ್ಗೆ ಒಂದು ಎಚ್ಚರಿಕೆಯ ಮಾತು. ನಿಜವಾದ ಹಣದಂತೆಯೇ ಕಾಣುವ ನೋಟು-ನಾಣ್ಯಗಳನ್ನು ಕೊಟ್ಟಾಗ ಮಕ್ಕಳು ಲೆಕ್ಕದಲ್ಲಿ ಒಟ್ಟಾರೆ ಹೆಚ್ಚು ತಪ್ಪು ಮಾಡಿದರೆಂದೂ, ಆದರೆ ಪರಿಕಲ್ಪನೆಗೆ ಸಂಬಂಧಿಸಿದ ತಪ್ಪುಗಳು ಕಡಿಮೆಯಾದವೆಂದೂ ಮೆಕ್‌ನೀಲ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ವರದಿ ಮಾಡಿದ್ದಾರೆ. ಸಾಮಗ್ರಿ ಅಂದವಾಗಿದ್ದಷ್ಟೂ ಮಗುವಿನ ಗಮನ ಸಾಮಗ್ರಿಯ ಮೇಲೆಯೇ ನಿಲ್ಲುವ ಸಾಧ್ಯತೆ ಇದೆ. ಆದ್ದರಿಂದ ವಿಷಯ ಪ್ರವೇಶಕ್ಕೆ ನೋಟು ಬಳಸಿ. ಅಭ್ಯಾಸಕ್ಕೆ ಕಡ್ಡಿ, ಬೀಜ, ಗೆರೆಗಳು ಸಾಕು.

ಉತ್ತರ 3
ಪ್ರೌಢಶಾಲಾ ಗಣಿತ ಶಿಕ್ಷಕ, ಉಡುಪಿ ಜಿಲ್ಲೆ

ಚರ್ಚೆ ಉಪಯುಕ್ತವಾಗಿದೆ. ಸ್ವಲ್ಪ ಭಿನ್ನವಾದ ಅಭಿಪ್ರಾಯವೊಂದನ್ನು ಸೇರಿಸುತ್ತೇನೆ. ಗಣಿತವನ್ನು ಆಸಕ್ತಿದಾಯಕವಾಗಿಸಲು ಅದಕ್ಕೆ ಹೊರಗಿನಿಂದ ಆಟವನ್ನು ತಂದು ಜೋಡಿಸಬೇಕು ಎಂಬ ನಂಬಿಕೆಯ ಹಿಂದೆ, ಗಣಿತವು ತನ್ನಷ್ಟಕ್ಕೆ ನೀರಸ ಎಂಬ ಒಪ್ಪಿಗೆ ಅಡಗಿದೆ. ಎಂಟನೇ ತರಗತಿಗೆ ಬರುವ ಮಕ್ಕಳಲ್ಲಿ ನಾನು ಕಾಣುವುದೇ ಬೇರೆ: ಸಂಖ್ಯೆಗಳೇ ಒಂದು ಅಚ್ಚರಿಯನ್ನು ಮುಂದಿಟ್ಟರೆ ದಾಳ, ಚೆಂಡು, ಚಪ್ಪಾಳೆ ಯಾವುದೂ ಬೇಕಾಗುವುದಿಲ್ಲ.

ವ್ಯವಕಲನದ ಅಭ್ಯಾಸವೇ ಬೇಕಿದ್ದರೆ ಕಾಪ್ರೇಕರ್ ಅವರನ್ನು ನೆನೆಯಿರಿ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ನಾಸಿಕ್ ಸಮೀಪದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದವರು, ನಮ್ಮ ವೃತ್ತಿಬಾಂಧವರು. 1949ರಲ್ಲಿ ಅವರು ಕಂಡುಕೊಂಡದ್ದು ಇದು: ನಾಲ್ಕೂ ಅಂಕಿಗಳು ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆ ತೆಗೆದುಕೊಂಡು, ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದ ಸಂಖ್ಯೆಯಿಂದ ಏರಿಕೆ ಕ್ರಮದಲ್ಲಿ ಬರೆದದ್ದನ್ನು ಕಳೆಯುತ್ತಾ ಹೋದರೆ ಹೆಚ್ಚೆಂದರೆ ಏಳು ಸಲದೊಳಗೆ 6174 ಬಂದು ನಿಲ್ಲುತ್ತದೆ. 3524ರಿಂದ ಆರಂಭಿಸಿದರೆ 5432ರಲ್ಲಿ 2345 ಕಳೆದು 3087. 8730ರಲ್ಲಿ 0378 ಕಳೆದು 8352. 8532ರಲ್ಲಿ 2358 ಕಳೆದು 6174. ಮೂರಂಕಿಯ ಸಂಖ್ಯೆಗಳಾದರೆ ಹೀಗೆಯೇ 495 ಬರುತ್ತದೆ, ನಾಲ್ಕನೇ ತರಗತಿಗೆ ಅದೇ ಸಾಕು. ಮನೆಯ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ, ಹುಟ್ಟಿದ ಇಸವಿ ಎಂದು ಮಕ್ಕಳು ತಾವೇ ಸಂಖ್ಯೆ ಹುಡುಕಿ ತರುತ್ತಾರೆ. ದಶಕ ಸಹಿತ ವ್ಯವಕಲನದ ಹತ್ತಾರು ಲೆಕ್ಕಗಳು ಯಾರೂ ಹೇಳದೆ ಆಗುತ್ತವೆ, ಮತ್ತು 6174 ಬಾರದಿದ್ದರೆ ಎಲ್ಲೋ ತಪ್ಪಿದೆ ಎಂದು ಶಿಕ್ಷಕರು ಹೇಳುವ ಮೊದಲೇ ಮಗುವಿಗೆ ತಿಳಿಯುತ್ತದೆ. ಉತ್ತರ ಸರಿಯೇ ಎಂದು ತಾನೇ ಪರೀಕ್ಷಿಸಿಕೊಳ್ಳುವ ಅವಕಾಶವನ್ನು ನಾನು ಯಾವ ಬಹುಮಾನಕ್ಕಿಂತಲೂ ಮೇಲಿನದೆಂದು ಭಾವಿಸುತ್ತೇನೆ.

ಅಪವರ್ತನ, ಅಪವರ್ತ್ಯಗಳಿಗೂ ಇಬ್ಬರಾಡುವ ಆಟವೊಂದಿದೆ. ಕಾಗದ, ಪೆನ್ಸಿಲ್ ಬಿಟ್ಟು ಬೇರೇನೂ ಬೇಡ. ಒಂದರಿಂದ ಇಪ್ಪತ್ತರವರೆಗೆ ಬರೆದುಕೊಳ್ಳಬೇಕು. ಮೊದಲನೆಯವನು ಒಂದು ಸಮಸಂಖ್ಯೆಯನ್ನು ಹೊಡೆಯುತ್ತಾನೆ. ಮುಂದಿನವಳು ಅದರ ಅಪವರ್ತನವನ್ನೋ ಅಪವರ್ತ್ಯವನ್ನೋ ಹೊಡೆಯಬೇಕು. ಹೀಗೆ ಸಾಗಿ, ಹೊಡೆಯಲು ಸಂಖ್ಯೆ ಸಿಗದವರು ಸೋಲುತ್ತಾರೆ. ಕೆಲವು ಆಟಗಳಾಗುವಷ್ಟರಲ್ಲಿ ಮಕ್ಕಳು "ಒಂದು ಹೇಳಿದರೆ ಸತ್ತೆ" ಎಂದು ಕಂಡುಕೊಂಡಿರುತ್ತಾರೆ, ಏಕೆಂದರೆ ಎದುರಾಳಿ ಕೂಡಲೇ 19 ಎನ್ನುತ್ತಾನೆ, ಆಮೇಲೆ ದಾರಿಯಿಲ್ಲ. 11, 13, 17, 19ಕ್ಕೆ ಮಾತ್ರ ಈ ಬಲ ಏಕಿದೆ, 7ಕ್ಕೆ ಏಕಿಲ್ಲ ಎಂದು ಕೇಳಿದರೆ ಅವಿಭಾಜ್ಯ ಸಂಖ್ಯೆಯ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ. ಮೊದಲ ಸಂಖ್ಯೆ ಸಮವೇ ಆಗಿರಬೇಕೆಂಬ ನಿಯಮ ಏಕೆ ಬೇಕೆಂಬುದನ್ನು ಮಕ್ಕಳೇ ಕಂಡುಹಿಡಿಯಲಿ, ಹೇಳಿಬಿಡಬೇಡಿ.

ಸುತ್ತಳತೆ ಮತ್ತು ವಿಸ್ತೀರ್ಣಗಳನ್ನು ಅದಲುಬದಲು ಮಾಡಿಕೊಳ್ಳುವ ಮಕ್ಕಳು ಹತ್ತನೇ ತರಗತಿಯಲ್ಲಿಯೂ ಸಿಗುತ್ತಾರೆ. ಒಂದೇ ಅಳತೆಯ 24 ಕಡ್ಡಿಗಳಿಂದ ನೆಲದ ಮೇಲೆ ಎಷ್ಟು ಬಗೆಯ ಆಯತ ಮಾಡಬಹುದೆಂದು ನೋಡಿ, ಒಳಗಿನ ಚೌಕಗಳನ್ನು ಎಣಿಸಲಿ. 1 ಮತ್ತು 11ರ ಆಯತದಲ್ಲಿ 11 ಚೌಕ, 2 ಮತ್ತು 10ರದ್ದರಲ್ಲಿ 20, ಆಮೇಲೆ 27, 32, 35, ಕೊನೆಗೆ ಆರಕ್ಕೆ ಆರು ಇಟ್ಟರೆ 36. ಬೇಲಿ ಅಷ್ಟೇ ಇದ್ದರೂ ಹೊಲ ಹಿರಿದಾಗುತ್ತಾ ಹೋಗುವುದನ್ನು ಕೃಷಿಕರ ಮಕ್ಕಳು ತಕ್ಷಣ ಹಿಡಿಯುತ್ತಾರೆ.

ಚೌಕಾಬಾರದ ಕವಡೆಗಳನ್ನು ನನಗೂ ಬಿಟ್ಟುಕೊಡಿ, ಸಂಭವನೀಯತೆಗೆ ಬೇಕು. ಕವಡೆಯ ಎರಡೂ ಬದಿ ಬೀಳುವ ಸಾಧ್ಯತೆ ಸಮನಾಗಿದ್ದರೆ 16 ಬಗೆಗಳಲ್ಲಿ ಎರಡು ಬೀಳುವುದು 6 ಬಗೆಯಲ್ಲಿ, ಒಂದು ಮತ್ತು ಮೂರು ನಾಲ್ಕು ನಾಲ್ಕು ಬಗೆಯಲ್ಲಿ, ಚೌಕ ಮತ್ತು ಬಾರ ಒಂದೊಂದೇ ಬಗೆಯಲ್ಲಿ. ನಿಜವಾದ ಕವಡೆ ಹಾಗೆ ಬೀಳುತ್ತದೆಯೇ ಎಂದು ನೂರು ಸಲ ಹಾಕಿ ಪಟ್ಟಿ ಮಾಡಿದರೆ ಒಂದು ಅವಧಿಯ ಪಾಠ ಮುಗಿಯುತ್ತದೆ.

ಕೊನೆಯದಾಗಿ ಒಂದು ಆಕ್ಷೇಪ. ವೇಗಕ್ಕೆ ಬೆಲೆ ಕೊಡುವ ಆಟಗಳನ್ನು, ಅಂದರೆ ಮೊದಲು ಕೈ ಎತ್ತಿದವರಿಗೆ ಅಂಕ ಎನ್ನುವಂಥವನ್ನು, ನಾನು ಪೂರ್ತಿ ಕೈಬಿಟ್ಟಿದ್ದೇನೆ. ಅಂಥ ಆಟದಲ್ಲಿ ನಾಲ್ಕೈದು ಮಕ್ಕಳು ಆಡುತ್ತಾರೆ, ಉಳಿದವರು ನೋಡುತ್ತಾರೆ. ಯಾರಿಗಾಗಿ ಆಟ ತಂದೆವೋ ಆ ಮಕ್ಕಳೇ ಗೋಡೆಗೆ ಒರಗಿ ಕುಳಿತಿರುತ್ತಾರೆ.

ಉತ್ತರ 4
ಪೋಷಕಿ, ಬೆಂಗಳೂರು

ನಾನು ಶಿಕ್ಷಕಿಯಲ್ಲ. ಪೋಷಕರ ದೂರಿನ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ. ನನ್ನ ಮಗನ ಶಾಲೆಯಲ್ಲಿಯೂ ಮೊದಮೊದಲು ನಮಗೆ ಇದೇ ಅನುಮಾನವಿತ್ತು, ಏಕೆಂದರೆ ಮಗು ಮನೆಗೆ ಬಂದು "ಇವತ್ತು ಆಟ ಆಡಿದೆವು" ಎನ್ನುತ್ತಿತ್ತೇ ಹೊರತು ಏನು ಕಲಿತೆನೆಂದು ಹೇಳುತ್ತಿರಲಿಲ್ಲ. ಆಟವನ್ನೇ ಮನೆಗೆ ಕಳುಹಿಸಲು ಆರಂಭಿಸಿದ ಮೇಲೆ ಸ್ಥಿತಿ ಬದಲಾಯಿತು. ಹಾಳೆಯೊಂದರಲ್ಲಿ ಆಟದ ನಿಯಮ, ಕೆಳಗೆ "ಇದರಲ್ಲಿ ನಿಮ್ಮ ಮಗು ಅಭ್ಯಾಸ ಮಾಡುತ್ತಿರುವುದು ಇದು" ಎಂಬ ಒಂದು ಸಾಲು, ಅದರ ಕೆಳಗೆ ಮನೆಯವರು ಕೇಳಬೇಕಾದ ಒಂದು ಪ್ರಶ್ನೆ. ನಮ್ಮ ಅತ್ತೆಯವರು ಶಾಲೆಗೆ ಹೋದವರಲ್ಲ, ಆದರೆ ಅಳಿಗುಳಿ ಮಣೆಯಲ್ಲಿ ಅವರನ್ನು ಸೋಲಿಸಲು ನನ್ನ ಮಗನಿಗೆ ಇನ್ನೂ ಆಗಿಲ್ಲ. ಹಳ್ಳಿಯ ಶಾಲೆಯಲ್ಲಿ ಇಂಥ ಅಜ್ಜಿಯರು ಬೇಕಾದಷ್ಟು ಸಿಗುತ್ತಾರೆ; ಸಾಧ್ಯವಾದರೆ ಅವರನ್ನೇ ಒಂದು ದಿನ ತರಗತಿಗೆ ಕರೆಯಿರಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ
ಸಹಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಮೂಹ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಸರ್ ಅವರು ತೋರಿಸಿದ ವ್ಯತ್ಯಾಸ ನನಗೆ ಹೊಳೆದಿರಲಿಲ್ಲ. ಆ ಹುಡುಗಿಯನ್ನು ಕರೆದು ಚಿಲ್ಲರೆ ಹೇಗೆ ಎಣಿಸಿದೆ ಎಂದು ಕೇಳಿದೆ. ಅವರು ಊಹಿಸಿದಂತೆಯೇ "ನಲವತ್ತಕ್ಕೆ ಎಂಟು, ಮತ್ತ ಹತ್ತು" ಎಂದಳು. ಸಂಖ್ಯಾರೇಖೆಯ ಮೇಲೆ ಅದನ್ನೇ ಬರೆದು ತೋರಿಸಿದಾಗ, ಹೀಗೆ ಬರೆದರೂ ನಡೆಯುತ್ತದೆಯೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ.

ಇನ್ನೆರಡು ಸಂದೇಹಗಳಿವೆ. ಮುಂದಿನ ಪಾಠ ಭಿನ್ನರಾಶಿಯದು. ರೊಟ್ಟಿ ಹರಿದು ಅರ್ಧ, ಕಾಲು ತೋರಿಸುವವರೆಗೆ ಎಲ್ಲರಿಗೂ ಅರ್ಥವಾಗುತ್ತದೆ. ಅರ್ಧಕ್ಕೆ ಮೂರನೇ ಒಂದು ಕೂಡಿಸಲು ಕೊಟ್ಟರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ ಐದನೇ ಎರಡು ಎಂದು ಬರೆಯುತ್ತಾರೆ. ಎರಡನೆಯದಾಗಿ, ಎರಡು ತರಗತಿಗಳನ್ನು ಒಟ್ಟಿಗೆ ನಡೆಸುವ ಬಗ್ಗೆ ಯಾರೂ ಬರೆದಿಲ್ಲ.

ಉತ್ತರ 5
ಸಮೂಹ ಸಂಪನ್ಮೂಲ ವ್ಯಕ್ತಿ, ಕೊಪ್ಪಳ ಜಿಲ್ಲೆ

ಭಿನ್ನರಾಶಿಗೆ ರೊಟ್ಟಿಗಿಂತ ಕಾಗದದ ಪಟ್ಟಿ ಒಳ್ಳೆಯದು. ವೃತ್ತವನ್ನು ಮೂರು, ಐದು ಸಮಭಾಗ ಮಾಡುವುದು ದೊಡ್ಡವರಿಗೂ ಕಷ್ಟ. ಪಟ್ಟಿಯನ್ನು ಮಡಚುವುದು ಸುಲಭ, ಮುಂದೆ ಅದೇ ಸಂಖ್ಯಾರೇಖೆಯಾಗುತ್ತದೆ. ಒಂದೇ ಉದ್ದದ ಪಟ್ಟಿಗಳನ್ನು ಎರಡು, ಮೂರು, ಐದು, ಆರು ಸಮಭಾಗಗಳಾಗಿ ಮಡಚಿಸಿ, ಒಂದರ ಕೆಳಗೊಂದು ಜೋಡಿಸಿಡಲಿ. ಐದಕ್ಕೆ ಮಡಚುವುದು ಕಷ್ಟವಾದರೆ ಅಳತೆಪಟ್ಟಿಯಿಂದ ಗುರುತು ಹಾಕಿಸಿ. 30 ಸೆಂಟಿಮೀಟರ್ ಉದ್ದದ ಪಟ್ಟಿಯಾದರೆ ಎಲ್ಲ ಭಾಗಗಳೂ ಪೂರ್ಣ ಸಂಖ್ಯೆಯಲ್ಲಿಯೇ ಬರುತ್ತವೆ.

ಈಗ ಐದನೇ ಎರಡು ಎಂದು ಬರೆದ ಮಗುವಿಗೆ ತಪ್ಪೆಂದು ಹೇಳಬೇಡಿ, ಐದರ ಪಟ್ಟಿಯಲ್ಲಿ ಎರಡು ಭಾಗವನ್ನು ಅರ್ಧದ ಪಕ್ಕದಲ್ಲಿಟ್ಟು ನೋಡಲು ಹೇಳಿ. 12 ಸೆಂಟಿಮೀಟರ್ ಅತ್ತ, 15 ಸೆಂಟಿಮೀಟರ್ ಇತ್ತ. ಅರ್ಧಕ್ಕೆ ಏನನ್ನೋ ಕೂಡಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಯಿತೇ? ಈ ಪ್ರಶ್ನೆಯನ್ನು ಕೇಳಿ ಸುಮ್ಮನಿದ್ದುಬಿಡಿ. ಅರ್ಧದ ತುದಿಗೆ ಮೂರನೇ ಒಂದನ್ನು ಜೋಡಿಸಿ, ಅದು ಯಾವ ಪಟ್ಟಿಯ ಗುರುತಿಗೆ ಸರಿಯಾಗಿ ಹೊಂದುತ್ತದೆ ಎಂದು ಹುಡುಕಿದರೆ ಆರರ ಪಟ್ಟಿಯಲ್ಲಿ ಐದನೇ ಗುರುತಿಗೆ ಬಂದು ನಿಲ್ಲುತ್ತದೆ. ಸಮಚ್ಛೇದ ಮಾಡುವ ವಿಧಾನವನ್ನು ಆಮೇಲೆ ಹೇಳಿ. ಆ ವಿಧಾನದ ಅಗತ್ಯ ಮಕ್ಕಳಿಗೆ ಅಷ್ಟರಲ್ಲಿ ತಿಳಿದಿರುತ್ತದೆ.

ಉತ್ತರ 6
ನಿವೃತ್ತ ಮುಖ್ಯ ಶಿಕ್ಷಕ, ಮೈಸೂರು

ಎರಡು ತರಗತಿಗಳ ವಿಚಾರ. ತಮ್ಮ ಮಕ್ಕಳು ನಲಿ-ಕಲಿಯಿಂದ ಬಂದವರೆಂದಿರಿ. ಅದು ತಮಗೆ ದೊಡ್ಡ ಅನುಕೂಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆ ಪದ್ಧತಿ ಆರಂಭವಾದದ್ದೇ ಒಬ್ಬರೇ ಶಿಕ್ಷಕರು ಹಲವು ಹಂತದ ಮಕ್ಕಳನ್ನು ನೋಡಿಕೊಳ್ಳಬೇಕಾದ ಸಣ್ಣ ಶಾಲೆಗಳಿಗಾಗಿ. ಶಿಕ್ಷಕರ ನೆರವಿಲ್ಲದೆ ಗುಂಪಿನಲ್ಲಿ ಕೆಲಸ ಮಾಡುವುದು ಆ ಮಕ್ಕಳಿಗೆ ಗೊತ್ತಿದೆ, ಅದನ್ನು ಮರೆಯಲು ಬಿಡಬೇಡಿ.

ಒಂದೇ ಆಟ ಇರಲಿ, ಸಂಖ್ಯೆಗಳು ಬೇರೆಯಾಗಿರಲಿ. ಕಾಪ್ರೇಕರ್ ಲೆಕ್ಕವನ್ನು ನಾಲ್ಕನೇ ತರಗತಿಯವರು ಮೂರಂಕಿಯಲ್ಲಿ, ಐದನೇ ತರಗತಿಯವರು ನಾಲ್ಕಂಕಿಯಲ್ಲಿ ಮಾಡಬಹುದು. ಒಂದು ಗುಂಪು ಕಡ್ಡಿಗಳೊಂದಿಗೆ ತಮ್ಮ ಬಳಿ ಕುಳಿತಿರಲಿ, ಇನ್ನೊಂದು ಗುಂಪು ಈಗಾಗಲೇ ನಿಯಮ ಗೊತ್ತಿರುವ ಆಟದಲ್ಲಿರಲಿ. ಹೊಸ ಆಟವನ್ನು ಎರಡೂ ಗುಂಪುಗಳಿಗೆ ಒಂದೇ ದಿನ ಕಲಿಸಲು ಹೋದರೆ ನಲವತ್ತು ನಿಮಿಷವೂ ನಿಯಮ ಹೇಳುವುದರಲ್ಲೇ ಕಳೆದುಹೋಗುತ್ತದೆ. ಹಾಗಾಗಿ ವರ್ಷಕ್ಕೆ ಆರೇಳು ಆಟಗಳನ್ನು ಮಾತ್ರ ಆರಿಸಿಕೊಂಡು ಅವುಗಳನ್ನೇ ಬೇರೆ ಬೇರೆ ಘಟಕಗಳಿಗೆ ಹೊಂದಿಸಿಕೊಳ್ಳುವುದು ಮೇಲು. ಅವಧಿಯ ಕೊನೆಯ ಹತ್ತು ನಿಮಿಷ ಆಟ ನಿಲ್ಲಿಸಿ, ತಾನು ಆಡಿದ ಒಂದು ನಡೆಯನ್ನು ಸಂಖ್ಯೆಗಳಲ್ಲಿ ಬರೆದು, ಅದು ಏಕೆ ಸರಿಯಾದ ನಡೆ ಎಂದು ಪ್ರತಿ ಮಗುವೂ ಒಂದು ವಾಕ್ಯ ಬರೆಯಲಿ. ಆ ಪುಟವನ್ನೇ ಪೋಷಕರ ಸಭೆಯಲ್ಲಿ ತೋರಿಸಬಹುದು, ಸಿಆರ್‌ಪಿ ಅವರು ಭೇಟಿಗೆ ಬಂದಾಗ ಅವರ ಮುಂದೆಯೂ ಇಡಬಹುದು.